ಬೇರಿಯಾಟ್ರಿಕ್ ಆಪರೇಷನ್ ಆದ ಮೇಲೆ ಊಟ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲವೇ? ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರಿಗೆ ಊಟದ ಸಲಹೆ ಕೊಡುವುದು ನನ್ನ ಕೆಲಸ. ಬಂದವರು ಜಾಸ್ತಿ ಕೇಳುವ ಪ್ರಶ್ನೆ ಇದು: "ಹೊಟ್ಟೆ ಇಷ್ಟು ಚಿಕ್ಕದು ಮಾಡಿದ್ದಾರೆ, ಆದರೂ ಇಷ್ಟು ಬೇಗ ಯಾಕೆ ಹಸಿವಾಗುತ್ತೆ?" ಕೇಳುವಾಗ ಮುಖದಲ್ಲಿ ಭಯ ಇರುತ್ತದೆ. ಆಪರೇಷನ್ ದಂಡವಾಯಿತಾ, ಹೊಟ್ಟೆ ಮತ್ತೆ ಹಿಗ್ಗಿಬಿಟ್ಟಿತಾ ಅಂತ. ಬಹಳ ಸಲ ಹಾಗೇನೂ ಆಗಿರುವುದಿಲ್ಲ. ತಟ್ಟೆಗೆ ಬಿದ್ದಿರುವುದು ಹೊಟ್ಟೆಯಲ್ಲಿ ನಿಲ್ಲುವ ಪದಾರ್ಥ ಆಗಿರುವುದಿಲ್ಲ, ಅಷ್ಟೇ. ಅದನ್ನು ಮನೆಯಲ್ಲೇ, ಖರ್ಚಿಲ್ಲದೆ ಪತ್ತೆ ಮಾಡಬಹುದು.

ಇದು ಗಟ್ಟಿ ಊಟಕ್ಕೆ ಬಂದವರಿಗೆ. ಅಂದರೆ ಸಾಮಾನ್ಯವಾಗಿ ಆಪರೇಷನ್ ಆಗಿ 6ರಿಂದ 8 ವಾರ ಕಳೆದವರಿಗೆ. ಅದಕ್ಕಿಂತ ಮುಂಚೆ ದ್ರವ, ನುಣ್ಣಗೆ ರುಬ್ಬಿದ್ದು, ಮೆತ್ತಗಿನದು ಅಂತ ನಿಮ್ಮ ಸರ್ಜನ್ ಕೊಟ್ಟಿರುವ ಪಟ್ಟಿ ಇರುತ್ತದೆ. ಆಗ ಹಸಿವಾಯಿತು ಎಂದು ಗಟ್ಟಿ ಪದಾರ್ಥಕ್ಕೆ ಹಾರಬೇಡಿ. ಒಳಗಿನ ಹೊಲಿಗೆ ಇನ್ನೂ ಮಾಯುತ್ತಿರುತ್ತದೆ.

ಇವುಗಳಲ್ಲಿ ಒಂದಿದ್ದರೂ ಓದುವುದು ಬಿಡಿ, ಆಸ್ಪತ್ರೆಗೆ ಹೊರಡಿ

ಮೊದಲ ಕೆಲವು ವಾರಗಳಲ್ಲಿ ಜ್ವರ, ಸುಮ್ಮನೆ ಕೂತಿದ್ದರೂ ನಿಮಿಷಕ್ಕೆ 120ರ ಆಸುಪಾಸಿನಲ್ಲಿ ಓಡುವ ನಾಡಿ, ಉಸಿರಾಟದ ಕಷ್ಟ, ಹೊತ್ತು ಹೋದಂತೆ ಜೋರಾಗುವ ಹೊಟ್ಟೆನೋವು, ಎಡ ಭುಜದಲ್ಲಿ ನೋವು. ಹೊಲಿಗೆ ಹಾಕಿದ ಜಾಗದಲ್ಲಿ ಸೋರಿಕೆ ಇರಬಹುದು. ರಾತ್ರಿಯಾದರೂ ಕಾಯಬೇಡಿ.

ಕುಡಿದ ನೀರೂ ಒಳಗೆ ನಿಲ್ಲದೆ ಒಂದು ದಿನ ಪೂರ್ತಿ ವಾಂತಿ.

ಕೆಲವು ದಿನ ಅಥವಾ ವಾರಗಳಿಂದ ವಾಂತಿ ಇದ್ದು, ಈಗ ವಸ್ತುಗಳು ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತಿನಲ್ಲಿ ಗೊಂದಲ. ಇದು ವಿಟಮಿನ್ ಬಿ1 ತೀರಾ ಕಡಿಮೆಯಾದದ್ದರ ಗುರುತು. ತಡವಾದರೆ ಮೆದುಳಿಗೆ ಕಾಯಂ ಪೆಟ್ಟು. ಆಸ್ಪತ್ರೆಯಲ್ಲಿ ಮೊದಲ ಮಾತಿಗೇ "ತೂಕದ ಆಪರೇಷನ್ ಆಗಿದೆ, ಇಷ್ಟು ದಿನದಿಂದ ವಾಂತಿ ಇದೆ" ಎಂದು ಹೇಳಿ. ಇಂಥವರಿಗೆ ಗ್ಲೂಕೋಸ್ ಡ್ರಿಪ್ ಹಾಕುವ ಮುಂಚೆ ಬಿ1 ಕೊಡಬೇಕಾಗುತ್ತದೆ. ಅದು ಡಾಕ್ಟರಿಗೆ ಹೊಳೆಯಬೇಕಾದರೆ ಆಪರೇಷನ್ ವಿಷಯ ಗೊತ್ತಿರಬೇಕು.

ಬೈಪಾಸ್ (ಹೃದಯದ್ದಲ್ಲ, ಜಠರದಲ್ಲಿ ಚಿಕ್ಕ ಚೀಲ ಮಾಡಿ ಅದನ್ನು ನೇರ ಕರುಳಿಗೆ ಜೋಡಿಸುವ ತೂಕದ ಆಪರೇಷನ್) ಆದವರಿಗೆ ಹಿಂಡಿದ ಹಾಗೆ ಬಂದು ಬಂದು ಹೋಗುವ ಜೋರು ಹೊಟ್ಟೆನೋವು. ವರ್ಷಗಳು ಕಳೆದ ಮೇಲೂ ಒಳಗೆ ಕರುಳು ಸಿಕ್ಕಿಕೊಳ್ಳುವ ಸಾಧ್ಯತೆ ಇದೆ. ಗ್ಯಾಸ್ ಎಂದು ಓಮದ ನೀರು ಕುಡಿದು ಮಲಗಬೇಡಿ.

ರಕ್ತವಾಂತಿ, ಕರ್ರಗೆ ಅಂಟಂಟಾದ ಮಲ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ನಿಜ. ಆದರೆ ಜೊತೆಗೆ ತಲೆಸುತ್ತು, ಸುಸ್ತು ಅಥವಾ ಹೊಟ್ಟೆನೋವು ಇದ್ದರೆ ಮಾತ್ರೆಯ ಮೇಲೆ ಹಾಕಿ ಸುಮ್ಮನಾಗಬೇಡಿ.

ಊಟ ಮಾಡಿ ಒಂದೆರಡು ಗಂಟೆಗೇ ಮತ್ತೆ ಹಸಿವು

ಮೊದಲು ಗಡಿಯಾರ ನೋಡಿ. ಮೂರ್ನಾಲ್ಕು ಗಂಟೆ ಬಿಟ್ಟು ಹಸಿವಾದರೆ ಅದು ದೋಷವೇ ಅಲ್ಲ. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಜಾಸ್ತಿ ತೆಗೆದು, ಬಾಳೆಹಣ್ಣಿನ ಆಕಾರದಷ್ಟು ಮಾತ್ರ ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಆ ಭಾಗದಲ್ಲೇ. ಹಾಗಾಗಿ ಮೊದಮೊದಲು ಹಸಿವೇ ಇಲ್ಲ ಅನ್ನಿಸುತ್ತದೆ. ತಿಂಗಳುಗಳು ಕಳೆದಂತೆ ಹಸಿವು ನಿಧಾನಕ್ಕೆ ವಾಪಸ್ ಬರುತ್ತದೆ. ಅದು ದೇಹ ಸುಧಾರಿಸಿದ ಗುರುತು, ಆಪರೇಷನ್ ಸೋತ ಗುರುತಲ್ಲ.

ಒಂದೂವರೆ ಗಂಟೆಗೇ ಹಸಿವಾಗುತ್ತಿದ್ದರೆ ನೀರಿನ ಲೋಟದಿಂದ ಶುರು ಮಾಡಿ. ಊಟದ ಜೊತೆ ನೀರು, ಮಜ್ಜಿಗೆ, ತಿಳಿಸಾರು ಕುಡಿಯುತ್ತೀರಾ? ಕುಡಿದದ್ದು ತಿಂದದ್ದನ್ನು ತೆಳ್ಳಗೆ ಮಾಡಿ ಕೆಳಗೆ ತಳ್ಳುತ್ತದೆ. ಬೈಪಾಸ್ ಆದವರಲ್ಲಿ ಸುಮಾರು 30 ಮಿಲಿಯಷ್ಟು ಹಿಡಿಯುವ ಚಿಕ್ಕ ಚೀಲ ನೇರವಾಗಿ ಕರುಳಿಗೆ ಸೇರಿರುತ್ತದೆ, ತೆಳ್ಳಗಿನದ್ದು ಅಲ್ಲಿ ನಿಲ್ಲುವುದೇ ಇಲ್ಲ. ಊಟದ ಜೊತೆ ಏನೂ ಕುಡಿಯಬೇಡಿ, ಊಟವಾಗಿ ಅರ್ಧ ಗಂಟೆ ಬಿಟ್ಟು ಶುರು ಮಾಡಿ. ಮೂರು ದಿನ ಇದೊಂದನ್ನೇ ಬದಲಾಯಿಸಿ ನೋಡಿ. ಹಸಿವು ಮುಂದಕ್ಕೆ ಹೋಯಿತು ಅಂದರೆ ಕಾರಣ ಸಿಕ್ಕಿತು. ಹಾಗಂತ ನೀರನ್ನೇ ಕಡಿಮೆ ಮಾಡಬಾರದು. ಊಟ ಊಟದ ನಡುವೆ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರಾದರೂ ಹೋಗಬೇಕು. ಎಷ್ಟೋ ಸಲ ಹಸಿವು ಅಂತ ಅನ್ನಿಸುವುದು ಬರೀ ಬಾಯಾರಿಕೆ ಆಗಿರುತ್ತದೆ.

ನೀರು ಸರಿ ಇದ್ದರೆ ಪದಾರ್ಥ ನೋಡಿ. ಆಪರೇಷನ್ ಆದ ಹೊಸದರಲ್ಲಿ ಗಂಜಿ, ಸೂಪು ಅಭ್ಯಾಸವಾಗಿರುತ್ತದೆ. ನುಂಗಲು ಹಿತ, ತೊಂದರೆ ಇಲ್ಲ ಅಂತ ಬಹಳ ಮಂದಿ ಆರು ತಿಂಗಳಾದರೂ ಅದರಲ್ಲೇ ಇರುತ್ತಾರೆ. ಬೆಳಗ್ಗೆ ರಾಗಿ ಗಂಜಿ, ಮಧ್ಯಾಹ್ನ ಮೆತ್ತಗೆ ಕಲಸಿದ ಸಾರನ್ನ, ರಾತ್ರಿ ಹಾಲಿನಲ್ಲಿ ನೆನೆಸಿದ ಅವಲಕ್ಕಿ. ಇದರಲ್ಲಿ ಒಂದೂ ಕೆಟ್ಟ ಊಟ ಅಲ್ಲ. ಆದರೆ ಒಂದೂ ನಿಲ್ಲುವುದಿಲ್ಲ. ಅಗಿದು ತಿನ್ನಬೇಕಾದ, ಮೆತ್ತಗಿದ್ದರೂ ಗಟ್ಟಿಯಾದ ಪದಾರ್ಥವೇ ಹೊಟ್ಟೆ ಹಿಡಿಯುವುದು.

ಇದಕ್ಕೆ ಬೇರೆ ಅಡುಗೆ ಬೇಕಾಗಿಲ್ಲ. ಬಸ್ಸಾರು ಮಾಡುವ ಮನೆಯನ್ನೇ ನೋಡಿ. ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದು ಸಾರಿಗೆ ಇಟ್ಟುಕೊಳ್ಳುತ್ತಾರೆ, ಉಳಿದ ಕಾಳು–ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತಾರೆ. ಮನೆಯವರು ಪ್ರೀತಿಯಿಂದ "ನಿನಗೆ ಹಗುರ ಇರಲಿ" ಅಂತ ಆ ಸಾರಿಗೆ ಒಂದು ಹಿಡಿ ಅನ್ನ ಕಲಸಿ ಕೊಡುತ್ತಾರೆ. ನಿಮಗೆ ಬೇಕಾದದ್ದು ಆ ಪಲ್ಯ! ಪ್ರೋಟೀನು, ನಾರು ಎರಡೂ ಅದರಲ್ಲೇ ಉಳಿದಿದೆ. ಮೊದಲು ಪಲ್ಯ ತಿಂದು, ಜಾಗ ಉಳಿದರೆ ಸಾರು ನೆನೆಯುವಷ್ಟು ಮಾತ್ರ ಹಾಕಿಕೊಂಡು ಒಂದೆರಡು ತುತ್ತು ಅನ್ನ. ಬೇಳೆಸಾರಾದರೂ ಅಷ್ಟೇ, ಮೇಲಿನ ತಿಳಿ ಬಿಟ್ಟು ತಳದ ಬೇಳೆ ಬಡಿಸಿಕೊಳ್ಳಿ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದರೆ ಅದೂ ಹೊಟ್ಟೆಯಲ್ಲಿ ನಿಲ್ಲುತ್ತದೆ.

ಮೂರನೆಯದು ಪ್ರೋಟೀನಿನ ಲೆಕ್ಕ. ಸಾಮಾನ್ಯವಾಗಿ ಹೇಳುವುದು ದಿನಕ್ಕೆ 60ರಿಂದ 80 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. 100 ಗ್ರಾಂ ಪನೀರಿನಲ್ಲಿ ಸುಮಾರು 18. ಬೇಯಿಸಿದ ಬೇಳೆ ಅಥವಾ ಕಾಳು 100 ಗ್ರಾಂ ತಿಂದರೆ 7–8 ಗ್ರಾಂ ಸಿಕ್ಕೀತು. ಮೀನು, ಕೋಳಿ ತಿನ್ನುವವರಿಗೆ ಕೆಲಸ ಸುಲಭ: ಬೇಯಿಸಿದ 100 ಗ್ರಾಂನಲ್ಲಿ 20 ಗ್ರಾಂಗಿಂತ ಮೇಲೆ. ಸಸ್ಯಾಹಾರಿಗಳು ಬರೀ ಬೇಳೆ ನಂಬಿದರೆ ಅಷ್ಟು ಚಿಕ್ಕ ಹೊಟ್ಟೆಯಲ್ಲಿ ಲೆಕ್ಕ ಮುಟ್ಟುವುದು ಕಷ್ಟ. ಪನೀರು, ಗಟ್ಟಿ ಮೊಸರು, ಸೋಯಾ ಜೊತೆಗಿರಬೇಕು. ಡಾಕ್ಟರ್ ಹೇಳಿದ್ದರೆ ಪ್ರೋಟೀನ್ ಪುಡಿಯೂ ಇರಲಿ. ಆದರೆ ಪುಡಿ ಕುಡಿಯುವ ಪದಾರ್ಥ. ಅದು ಲೆಕ್ಕ ತುಂಬಿಸುತ್ತದೆ, ಹೊಟ್ಟೆ ತುಂಬಿಸುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಎಷ್ಟು ತಿಂದಿರಿ ಎನ್ನುವುದರ ಜೊತೆ ಯಾವುದನ್ನು ಮೊದಲು ತಿಂದಿರಿ ಎನ್ನುವುದೂ ಮುಖ್ಯ. ಮೊದಲು ಪ್ರೋಟೀನು, ಆಮೇಲೆ ತರಕಾರಿ, ಕೊನೆಗೆ ಅನ್ನ, ರೊಟ್ಟಿ. ಮದುವೆ ಮನೆ ಬಾಳೆ ಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲೇ ಬಂದಿರುತ್ತವೆ. ಅನ್ನ ಬರುವ ಹೊತ್ತಿಗೆ ಅವನ್ನು ನಿಧಾನಕ್ಕೆ ಅಗಿದು ಮುಗಿಸಿಬಿಟ್ಟರೆ ಊಟದ ಮುಖ್ಯ ಕೆಲಸ ಆಯಿತು.

ಕೊನೆಗೆ ವೇಗ. ಹತ್ತು ನಿಮಿಷದಲ್ಲಿ ತಟ್ಟೆ ಖಾಲಿಯಾದರೆ ಹೊಟ್ಟೆ ತುಂಬಿದ್ದು ತಲೆಗೆ ಗೊತ್ತಾಗಿರುವುದಿಲ್ಲ. ಚಿಕ್ಕ ಚಮಚ, ಚಿಕ್ಕ ತಟ್ಟೆ, ಒಂದು ಊಟಕ್ಕೆ 20ರಿಂದ 30 ನಿಮಿಷ. ತುಂಬಿತು ಎಂದು ಹೇಳಲು ಕೆಲವರಿಗೆ ಬಿಕ್ಕಳಿಕೆ ಬರುತ್ತದೆ, ಕೆಲವರಿಗೆ ಮೂಗು ಸೋರುತ್ತದೆ, ಕೆಲವರಿಗೆ ಸೀನು. ನಿಮ್ಮ ಗುರುತು ಯಾವುದು ಅಂತ ಗಮನಿಸಿ. ಅದು ಬಂದ ಮೇಲೆ ಒಂದೇ ಒಂದು ತುತ್ತೂ ಬೇಡ.

ಇಷ್ಟೂ ಸರಿಪಡಿಸಿ ಎರಡು ವಾರ ಕಳೆದರೂ ಹಸಿವು ಹಾಗೇ ಇದ್ದರೆ ಡಯಟೀಷಿಯನ್ ಹತ್ತಿರ ಹೋಗಿ.

ಊಟ ಸ್ವಲ್ಪವೇ, ಆದರೆ ದಿನವಿಡೀ ಬಾಯಾಡಬೇಕು ಅನ್ನಿಸುತ್ತದೆ

ಮಂಡಕ್ಕಿ, ಖಾರ, ನಿಪ್ಪಟ್ಟು, ಕೋಡುಬಳೆ, ಚಹಾದಲ್ಲಿ ಅದ್ದಿದ ರಸ್ಕ್, ಬಿಸ್ಕತ್ತು, ಐಸ್‌ಕ್ರೀಂ. ಇವು ಬಾಯಲ್ಲೇ ಕರಗಿ ಜಾರಿಕೊಂಡು ಹೋಗುತ್ತವೆ. ಎರಡು ತುತ್ತು ಕೋಳಿ ತಿಂದು ಸಾಕಪ್ಪಾ ಅನ್ನುವವರು ಒಂದು ಡಬ್ಬಿ ಚುರುಮುರಿ ಆರಾಮಾಗಿ ಮುಗಿಸಬಲ್ಲರು. ಹೊಟ್ಟೆ ತಡೆಯುವುದೇ ಇಲ್ಲ.

ಒಂದು ಸುಲಭ ಪರೀಕ್ಷೆ ಇದೆ. ಬಾಯಾಡಬೇಕು ಅನ್ನಿಸಿದಾಗ ಒಂದು ಬೇಯಿಸಿದ ಮೊಟ್ಟೆ ಅಥವಾ ಒಂದು ಬಟ್ಟಲು ಹೆಸರುಕಾಳು ಉಸ್ಲಿ ಕಣ್ಣಮುಂದೆ ತಂದುಕೊಳ್ಳಿ. ಸರಿ, ಕೊಡಿ ಅನ್ನಿಸಿದರೆ ನಿಜವಾದ ಹಸಿವು, ಅದನ್ನೇ ತಿನ್ನಿ. ಅದು ಬೇಡ, ಖಾರವೇ ಬೇಕು ಅನ್ನಿಸಿದರೆ ಕೇಳುತ್ತಿರುವುದು ಹೊಟ್ಟೆಯಲ್ಲ. ಬೇಸರ, ಒತ್ತಡ, ಟಿವಿ ಮುಂದೆ ಕೂರುವ ಅಭ್ಯಾಸ, ಯಾವುದಾದರೂ ಇರಬಹುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆಪರೇಷನ್ ಆಗುವುದು ಜಠರಕ್ಕೆ, ಮನಸ್ಸಿಗಲ್ಲ. ರಾತ್ರಿ ಎದ್ದು ಕದ್ದು ತಿನ್ನುವಂತಾಗಿದ್ದರೆ, ತಿಂದ ಮೇಲೆ ಅಳು ಬರುತ್ತಿದ್ದರೆ ಆಪ್ತಸಮಾಲೋಚಕರನ್ನು ಕಾಣಿ. ಅದೂ ಚಿಕಿತ್ಸೆಯ ಭಾಗವೇ.

ಕಾಫಿ, ಚಹಾದ ಸಕ್ಕರೆಯನ್ನೂ ಇಲ್ಲೇ ಲೆಕ್ಕ ಹಾಕಿ. ಬೈಟೂ ಕಾಫಿಯಾದರೂ ದಿನಕ್ಕೆ ಐದು ಸಲ ಆದರೆ ಜಾಸ್ತಿಯೇ.

ಎರಡು ತುತ್ತಿಗೇ ಎದೆಯಲ್ಲಿ ಸಿಕ್ಕಿಕೊಂಡಂತೆ ಆಗುತ್ತದೆ

ಎದೆ ಮಧ್ಯೆ ಒತ್ತಡ, ಬಾಯಲ್ಲಿ ನೊರೆನೊರೆ ಜೊಲ್ಲು, ಆಮೇಲೆ ತಿಂದದ್ದು ಹಾಗೇ ವಾಪಸ್. ಇದು ಹೊಟ್ಟೆ ತುಂಬಿದ ಗುರುತಲ್ಲ, ತುತ್ತು ದಾರಿಯಲ್ಲಿ ನಿಂತ ಗುರುತು. ಸಾಮಾನ್ಯವಾಗಿ ಹೀಗೆ ಮಾಡುವವು ಚಪಾತಿ, ಬ್ರೆಡ್ಡು, ಉದುರಾದ ಅನ್ನ, ಒಣಗಿದ ಕೋಳಿ ತುಂಡು. ನಮ್ಮ ಕಡೆ ಇನ್ನೊಂದಿದೆ, ರಾಗಿ ಮುದ್ದೆ.

ಮಂಡ್ಯ ಕಡೆಯ ಹಿರಿಯರೊಬ್ಬರು ಮುದ್ದೆ ತಿನ್ನುವ ರೀತಿ ನನಗೆ ತೋರಿಸಿದ್ದರು. ಮೂರು ಬೆರಳಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೇ ಗಂಟಲಿಗೆ. ಜೀವಮಾನವಿಡೀ ಹಾಗೇ ತಿಂದವರು. "ಸ್ವಲ್ಪ ಅಗಿಯಿರಿ ಅಪ್ಪಾಜಿ" ಅಂದರೆ, "ಮುದ್ದೆ ಯಾರಾದ್ರೂ ಅಗೀತಾರೇನಮ್ಮಾ?" ಅಂದರು. ಅವರ ಮಾತು ನ್ಯಾಯವೇ. ಆದರೆ ಆಪರೇಷನ್ ಆದ ಹೊಟ್ಟೆಗೆ ಅಗಿಯದ ಮುದ್ದೆ ಅಪಾಯ. ಅವರಿಗೆ ಕಡಲೆಕಾಳಿನಷ್ಟು ಚಿಕ್ಕದಾಗಿ ಮುರಿದು, ಹಲ್ಲಿಗೆ ಸಿಕ್ಕಿಸಿ ಅಗಿಯುವ ಅಭ್ಯಾಸ ಮಾಡಿಸಿದೆವು. ಅದೂ ಸೊಪ್ಪು–ಕಾಳು ತಿಂದಾದ ಮೇಲೆ ಎರಡೇ ಎರಡು ತುತ್ತು. ಸರ್ಜನ್ ಗಟ್ಟಿ ಊಟಕ್ಕೆ ಒಪ್ಪುವ ತನಕ ಮುದ್ದೆ ಮುಟ್ಟಲೇಬೇಡಿ. "ಮುದ್ದೆ ಹೊಟ್ಟೇಲಿ ನಿಲ್ಲುತ್ತೆ" ಎನ್ನುವುದು ಸರಿ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನು 7 ಗ್ರಾಂ ಆಸುಪಾಸು ಅಷ್ಟೇ, ಜಾಗವನ್ನೆಲ್ಲ ಅದೇ ಹಿಡಿದರೆ ಬೇರೆಯದಕ್ಕೆ ಎಲ್ಲಿ ಜಾಗ?

ಕೋಳಿಯಾದರೆ ಕೈಮಾ ಮಾಡಿ ಅಥವಾ ಗ್ರೇವಿಯಲ್ಲಿ ಬೇಯಿಸಿ. ಮೀನು ಇನ್ನೂ ಮೆತ್ತಗೆ. ಹಿತಕಿದ ಅವರೆಬೇಳೆ ಸಿಪ್ಪೆ ಇಲ್ಲದೆ ಸರಾಗವಾಗಿ ಇಳಿಯುತ್ತದೆ. ತುತ್ತು ಸಿಕ್ಕಿಕೊಂಡಾಗ ನೀರು ಕುಡಿದು ತಳ್ಳಲು ಹೋಗಬೇಡಿ, ಮೇಲೆ ನಿಂತು ಇನ್ನೂ ಹಿಂಸೆ. ತಿನ್ನುವುದು ನಿಲ್ಲಿಸಿ, ಎದ್ದು ನಿಧಾನಕ್ಕೆ ಓಡಾಡಿ. ಆ ದಿನ ಉಳಿದ ಹೊತ್ತು ಮೆತ್ತಗಿನದೇ ಇರಲಿ.

ಚೆನ್ನಾಗಿ ಅಗಿದರೂ ದಿನದಿನಕ್ಕೆ ಸಿಕ್ಕಿಕೊಳ್ಳುವುದು ಜಾಸ್ತಿಯಾಗುತ್ತಿದೆಯೇ? ಮೊದಲು ಇಳಿಯುತ್ತಿದ್ದ ಮೆತ್ತಗಿನ ಊಟವೂ ಈಗ ಇಳಿಯುತ್ತಿಲ್ಲವೇ? ದಾರಿ ಕಿರಿದಾಗಿರಬಹುದು. ಇದಕ್ಕೆ ಮನೆಮದ್ದಿಲ್ಲ, ಎಂಡೋಸ್ಕೋಪಿ ಮಾಡಿ ನೋಡಬೇಕು. ಉಸಿರು ಕಟ್ಟಿದಂತಾದರೆ, ಜೊಲ್ಲನ್ನೂ ನುಂಗಲಾಗದಿದ್ದರೆ ತಕ್ಷಣ ಆಸ್ಪತ್ರೆ.

ತಿಂದ ಮೇಲೆ ಎದೆ ಬಡಿತ, ಬೆವರು, ಭೇದಿ, ಅಥವಾ ನಡುಕ

ಎಷ್ಟು ಹೊತ್ತಿಗೆ ಬಂತು ಎನ್ನುವುದೇ ಇಲ್ಲಿ ಮುಖ್ಯ ಸುಳಿವು. ತಿಂದು 10ರಿಂದ 30 ನಿಮಿಷದಲ್ಲಿ ಹೊಟ್ಟೆ ತಿರುಚು, ಎದೆ ಬಡಿತ, ಭೇದಿ ಬಂದರೆ ಸಿಹಿ ಪದಾರ್ಥ ಒಮ್ಮೆಗೇ ಕರುಳಿಗೆ ಸುರಿದಿದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ, ಬೈಪಾಸ್ ಆದವರಲ್ಲಿ ಹೆಚ್ಚು. ಕಬ್ಬಿನ ಹಾಲು, ಹೋಳಿಗೆ, ಪಾಯಸ, ಹಣ್ಣಿನ ಜ್ಯೂಸು ಮುಖ್ಯ ಕಾರಣ. ಬೆಲ್ಲ, ಜೇನುತುಪ್ಪ ಒಳ್ಳೆಯದು ಅಂತ ನಂಬಿ ಹಾಕಿಕೊಳ್ಳುವವರಿದ್ದಾರೆ, ಈ ವಿಷಯದಲ್ಲಿ ಅವೂ ಸಕ್ಕರೆಯೇ. ಹಾಲು ಕುಡಿದಾಗಲೆಲ್ಲ ಭೇದಿಯಾದರೆ ಹಾಲೇ ಒಗ್ಗುತ್ತಿಲ್ಲದಿರಬಹುದು. ಒಂದು ವಾರ ಹಾಲು ಬಿಟ್ಟು ಮೊಸರು ತಿಂದು ನೋಡಿ.

ತಿಂದು ಒಂದರಿಂದ ಮೂರು ಗಂಟೆ ಬಿಟ್ಟು ನಡುಕ, ಬೆವರು, ಕಣ್ಣು ಮಂಜು, ಜೋರು ಹಸಿವು ಬಂದರೆ ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಗ್ಲೂಕೋಮೀಟರ್ ಇದ್ದರೆ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಸರಿಯಾದ ಮೇಲೆ ಸ್ವಲ್ಪ ಮೊಸರೋ ಪನೀರೋ ತಿನ್ನಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಆಂಬುಲೆನ್ಸ್‌ಗೆ 108 ಕರೆ ಮಾಡಿ. ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಒಂದೇ ಸಲ ಹೀಗಾದರೂ ಡಾಕ್ಟರಿಗೆ ಹೇಳಿ. ತೂಕ ಇಳಿದಂತೆ ಹಳೆಯ ಡೋಸು ಜಾಸ್ತಿಯಾಗುತ್ತದೆ. ಬಿಪಿ ಮಾತ್ರೆಗೂ ಇದೇ ಮಾತು.

ತಿಂದರೂ ಹೋಗದ, ಉರಿಯುವ ಹಸಿವು

ಹೊಟ್ಟೆ ಮೇಲ್ಭಾಗದಲ್ಲಿ ಕೊರೆಯುವ ಹಾಗೆ, ಸುಡುವ ಹಾಗೆ ಆಗುವುದನ್ನು ಎಷ್ಟೋ ಜನ ಹಸಿವು ಎಂದುಕೊಂಡು ಮತ್ತೆ ಮತ್ತೆ ತಿನ್ನುತ್ತಾರೆ. ಅದು ಆಮ್ಲದ ತೊಂದರೆ ಇರಬಹುದು. ಸ್ಲೀವ್ ಆದವರಲ್ಲಿ ಎದೆಯುರಿ ಸಾಮಾನ್ಯ. ಮಲಗುವ ಎರಡು ಮೂರು ಗಂಟೆ ಮುಂಚೆ ಊಟ ಮುಗಿಸಿ, ಜಾಸ್ತಿ ಖಾರ, ಕಾಫಿ ಕಡಿಮೆ ಮಾಡಿ ನೋಡಿ. ಆಸ್ಪತ್ರೆಯಲ್ಲಿ ಕೊಟ್ಟ ಆಮ್ಲದ ಮಾತ್ರೆಯನ್ನು ನೀವಾಗೇ ನಿಲ್ಲಿಸಿದ್ದೀರಾ ಅಂತಲೂ ನೋಡಿಕೊಳ್ಳಿ. ಬೈಪಾಸ್ ಆದವರು ಸಿಗರೇಟು, ಬೀಡಿ ಪೂರ್ತಿ ಬಿಡಬೇಕು. ಮಂಡಿನೋವಿಗೆ ಅಂಗಡಿಯಿಂದ ಬ್ರೂಫೆನ್, ಡೈಕ್ಲೋಫೆನಾಕ್ ತಂದು ನುಂಗಬಾರದು. ಎರಡರಿಂದಲೂ ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಉರಿ ಒಂದು ವಾರಕ್ಕೂ ಹೋಗದಿದ್ದರೆ ಡಾಕ್ಟರನ್ನು ನೋಡಿ.

ಬಲಗಡೆ ಪಕ್ಕೆಲುಬಿನ ಕೆಳಗೆ, ಎಣ್ಣೆ ತಿಂದಾಗ ನೋವು ಬಂದರೆ ಪಿತ್ತಕೋಶದ ಕಲ್ಲು ಇರಬಹುದು. ತೂಕ ವೇಗವಾಗಿ ಇಳಿದಾಗ ಕಲ್ಲು ಕಟ್ಟುವುದುಂಟು. ಸ್ಕ್ಯಾನ್ ಮಾಡಿಸಿ.

ಹಸಿವೇ ಇಲ್ಲ, ಆದರೆ ಸುಸ್ತು, ಕೂದಲು ಉದುರುತ್ತಿದೆ

ಆಪರೇಷನ್ ಆಗಿ ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದು ಬಹಳ ಜನರಿಗೆ ಆಗುತ್ತದೆ, ಹೆಚ್ಚಾಗಿ ಮತ್ತೆ ಬೆಳೆಯುತ್ತದೆ. ಆದರೂ ಪ್ರೋಟೀನ್ ಲೆಕ್ಕ, ಮಾತ್ರೆ ಎರಡನ್ನೂ ಪರೀಕ್ಷಿಸಿ. ಹಸಿವಿಲ್ಲ ಅಂತ ಊಟ ಬಿಡಬೇಡಿ, ಗಡಿಯಾರ ನೋಡಿ ತಿನ್ನಿ. ಕಬ್ಬಿಣದ ಮಾತ್ರೆಯನ್ನು ಕಾಫಿ–ಚಹಾ ಜೊತೆ ನುಂಗಿದರೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಕೈಕಾಲು ಜೋಮು, ಏದುಸಿರು, ಕಾಲು ಊತ ಇದ್ದರೆ ಬಿ12, ಕಬ್ಬಿಣ, ಪ್ರೋಟೀನ್ ಮಟ್ಟ ತಿಳಿಯಲು ರಕ್ತಪರೀಕ್ಷೆ ಬೇಕು. ಏದುಸಿರು ದಿಢೀರ್ ಎಂದು ಬಂದರೆ, ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಆಗ ನೇರ ಆಸ್ಪತ್ರೆಗೆ ಹೋಗಿ.

ವರ್ಷ ಎರಡು ವರ್ಷ ಆಯಿತು, ಮೊದಲಿಗಿಂತ ಜಾಸ್ತಿ ತಿನ್ನಲು ಆಗುತ್ತಿದೆ

ಸ್ವಲ್ಪ ಜಾಸ್ತಿ ಹಿಡಿಯುವುದು ಸಹಜ. ಮೊದಲ ತಿಂಗಳಿನ ನಾಲ್ಕು ಚಮಚ ಕೊನೆತನಕ ಇರುವುದಿಲ್ಲ, ಇರಲೂಬಾರದು. ತೂಕವೂ ಏರುತ್ತಿದ್ದರೆ ಮೂರು ದಿನ ತಿಂದದ್ದು, ಕುಡಿದದ್ದು ಎಲ್ಲ ಬರೆಯಿರಿ. ಹೊತ್ತು, ಪ್ರಮಾಣ, ಜೊತೆಗೆ ನೀರು ಕುಡಿದಿರಾ, ಎಷ್ಟು ಹೊತ್ತಿಗೆ ಮತ್ತೆ ಹಸಿವಾಯಿತು. ಒಂದು ಭಾನುವಾರವೂ ಅದರಲ್ಲಿ ಬರಲಿ, ರಜೆಯ ದಿನದ ಊಟ ಬೇರೆಯೇ ಇರುತ್ತದೆ. ಹೆಚ್ಚಿನವರ ಹಾಳೆಯಲ್ಲಿ ಜಾರುವ ತಿಂಡಿ, ಸಿಹಿ ಪಾನೀಯ, ಅವಸರದ ಊಟ ಇವೇ ಎದ್ದು ಕಾಣುತ್ತವೆ. ಹಾಗಿದ್ದರೆ ಊಟ–ನೀರಿನ ಅಂತರದಿಂದ ಮತ್ತೆ ಶುರು ಮಾಡಿ.

ಹಾಳೆ ಚೊಕ್ಕವಾಗಿದೆ, ಗಟ್ಟಿ ಪ್ರೋಟೀನನ್ನೇ ದೊಡ್ಡ ಪ್ರಮಾಣದಲ್ಲಿ ತಿಂದರೂ ಹೊಟ್ಟೆ ತುಂಬುತ್ತಿಲ್ಲ ಅಂತಾದರೆ ಮಾತ್ರ ಹೊಟ್ಟೆ ಹಿಗ್ಗಿದೆಯಾ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಎಂಡೋಸ್ಕೋಪಿ ಅಥವಾ ಬೇರಿಯಂ ಎಕ್ಸ್‌ರೇಯಲ್ಲಿ ಸಿಗುತ್ತದೆ. ಸರ್ಜನ್ ಹತ್ತಿರ ಹೋಗುವಾಗ ಆ ಹಾಳೆ, ಡಿಸ್ಚಾರ್ಜ್ ಕಾಗದ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪು ಜೊತೆಗಿರಲಿ. ತೂಕ ಏರಿದೆ ಅಂತ ಬೈಯುತ್ತಾರೇನೋ ಎಂದು ಹೆದರಿ ಫಾಲೋಅಪ್ ತಪ್ಪಿಸಬೇಡಿ. ನಾಲ್ಕು ಕಿಲೋ ಏರಿದಾಗಲೇ ಹೋದರೆ ಸರಿಮಾಡುವುದು ಸುಲಭ.